ಕಲ್ಲಾದ ಹಲ್ಲು, ಕಳೆದುಹೋದ ಚೀಟಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಊಟದ ಗಡಿಬಿಡಿ ಮುಗಿದು, ಹೋಟೆಲುಗಳ ಹುಡುಗರು ಒಂದಿಷ್ಟು ಕಾಲು ಚಾಚುವ ಹೊತ್ತು. ತರುಣನೊಬ್ಬನು ನಮ್ಮ ಕಾರ್ಯಾಲಯದ ಮೆಟ್ಟಲೇರಿ ಬಂದನು. ಮಲ್ಪೆಯ ಕಡೆಯವನು. ಅಂಧೇರಿಯ ಹೋಟೆಲೊಂದರಲ್ಲಿ ಟೇಬಲು ಒರೆಸುವ ಕೆಲಸದಿಂದ ಆರಂಭಿಸಿ ಈಗ ಸಪ್ಲಾಯರ್ ಆಗಿರುವನು. ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿರುವನು. ಒದ್ದೆಯಾದ ಕರವಸ್ತ್ರದ ಗಂಟನ್ನು ಬಿಚ್ಚಿ, ಅಂಗೈಯಗಲದ ಕರಿಯ ತ್ರಿಕೋಣಾಕಾರದ ವಸ್ತುವೊಂದನ್ನು ನಮ್ಮ ಮೇಜಿನ ಮೇಲಿರಿಸಿದನು.

“ಧಣಿಗಳೇ, ಇದು ಲಕ್ಷಾಂತರ ವರ್ಷಗಳ ಹಿಂದಿನ ತಾಟೆ ಮೀನಿನ ಹಲ್ಲು. ಗಿಲ್ಬರ್ಟ್ ಗುಡ್ಡದ ಬುಡ ಅಗೆಯುವಾಗ ಸಿಕ್ಕಿದ್ದಂತೆ. ಪತ್ರಿಕೆಯಲ್ಲಿ ಇದರ ಫೋಟೋ ಬಂದರೆ ಮ್ಯೂಸಿಯಮಿನವರು ಯಾರಾದರೂ ಕೊಳ್ಳಬಹುದೇ?” ಎಂದು ಕೇಳಿದನು.

ಫೋರ್ಟಿನ ಕಡೆ ಕಾಲುದಾರಿಯ ಮೇಲೆ ಹಳೆಯ ನಾಣ್ಯ, ಹರಳು, ಗಡಿಯಾರಗಳನ್ನು ಹರಡಿಕೊಂಡು ಕುಳಿತಿದ್ದವನೊಬ್ಬನಿಂದ ಅದನ್ನು 3,000 ರೂಪಾಯಿಗೆ ಕೊಂಡನಂತೆ. ಊರಿನಲ್ಲಿ ಕಾಲೇಜು ಸೇರಲಿದ್ದ ತಂಗಿಯ ಶುಲ್ಕಕ್ಕೆಂದು ಕೂಡಿಟ್ಟ ಹಣವದು. ಮಾರಿದರೆ ಲಕ್ಷ ರೂಪಾಯಿ ಬರುವುದೆಂದು ಮಾರಿದವನೇ ಭರವಸೆ ಕೊಟ್ಟಿದ್ದನಂತೆ! ಲಕ್ಷ ಬರುವ ವಸ್ತುವನ್ನು ಅವನು ಮೂರು ಸಾವಿರಕ್ಕೆ ಏಕೆ ಕೊಟ್ಟನೆಂದು ನಾವು ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಇಪ್ಪತ್ತು ವರ್ಷ ಸಂಬಳ ಎಣಿಸಿಕೊಟ್ಟವರು ನಾವು. ಮೂರು ಸಾವಿರವೆಂದರೆ ಎಷ್ಟು ತಟ್ಟೆಗಳನ್ನು ಎತ್ತಿದ ಬೆವರು ಎಂಬುದು ನಮಗೆ ಗೊತ್ತು.

ಎಸ್ಸೆಸ್ಸೆಲ್ಸಿಯ ಆಚೆಗೆ ಓದದ ನಮಗೆ ಈ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ. ಆದುದರಿಂದ ಹುಡುಗನನ್ನು ಕರೆದುಕೊಂಡು, ಹಿಂದೆ ನಮ್ಮ ಹೋಟೆಲಿಗೆ ದಿನವೂ ಕಾಫಿಗೆ ಬರುತ್ತಿದ್ದ ಭೂಗರ್ಭಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರ ಮನೆಗೆ ಹೋದೆವು. ಅವರು ಭೂತಕನ್ನಡಿ ಹಿಡಿದು ಒಂದೇ ನಿಮಿಷ ನೋಡಿದರು. ಬದಿಯಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಗೆರೆ. ಬೇರಿನ ಭಾಗದಲ್ಲಿ ಸೂಜಿಯ ಮೊನೆಯಷ್ಟು ಗುಳ್ಳೆಗಳ ಗುರುತು. ಅದು ರಾಳವನ್ನು ಅಚ್ಚಿಗೆ ಹೊಯ್ದು ಬಣ್ಣ ಬಳಿದ ವಸ್ತುವಾಗಿತ್ತು. ನಿಜವಾದ ಹಲ್ಲಿನ ಮೇಲ್ಭಾಗಕ್ಕೆ ಹೊಳಪಿರುತ್ತದೆ. ಬೇರು ಮಂಕಾಗಿ ಒರಟಾಗಿರುತ್ತದೆ. ಅಂಚಿನ ಗರಗಸದ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ಇಲ್ಲಿ ಎಲ್ಲ ಕಡೆಯೂ ಒಂದೇ ಹೊಳಪು, ಒಂದೇ ಅಳತೆ.

“ಇದನ್ನು ನೋಡದೆಯೇ ನಾನು ಸುಳ್ಳೆಂದು ಹೇಳಬಹುದಿತ್ತು,” ಎಂದರು ಅಧ್ಯಾಪಕರು. “ಗಿಲ್ಬರ್ಟ್ ಗುಡ್ಡದಲ್ಲಿ ಸಿಕ್ಕಿತೆಂದಾಗಲೇ ಕಥೆ ಮುಗಿಯಿತು.”

ಅದು ಹೇಗೆ ಮುಗಿಯಿತೆಂಬುದನ್ನು ನಮ್ಮ ವಾಚಕರಿಗೆ ವಿವರಿಸುವುದು ಅವಶ್ಯವೆಂದು ನಮಗೆ ತೋರಿತು. ಏಕೆಂದರೆ ಇಂತಹ ‘ಹಲ್ಲು’ ನಾಳೆ ನಮ್ಮಲ್ಲಿ ಇನ್ನಾರ ಕರವಸ್ತ್ರದೊಳಗೂ ಬಂದು ಕುಳಿತುಕೊಳ್ಳಬಹುದು.

ಅಜ್ಜನ ಮದುವೆಯಲ್ಲಿ ಮೊಮ್ಮಗ

ಅಂಧೇರಿಯಲ್ಲಿ ಇರುವವರೆಲ್ಲರೂ ಗಿಲ್ಬರ್ಟ್ ಗುಡ್ಡವನ್ನು ಬಲ್ಲರು. ಸುಮಾರು 200 ಅಡಿ ಎತ್ತರದ, ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂತೆ ಕಾಣುವ ಕರಿಕಲ್ಲಿನ ದಿಬ್ಬ. ನೆತ್ತಿಯ ಮೇಲೆ ಗಾಂವ್‌ದೇವಿಯ ಗುಡಿ. ಆ ಕಲ್ಲು ಒಮ್ಮೆ ಕಾದ ದ್ರವವಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಿದು ದಖ್ಖನದ ನೆಲವನ್ನು ಮುಚ್ಚಿತು. ಇಂದಿಗೂ ಅದು ಹಬ್ಬಿರುವ ನೆಲ ಸುಮಾರು 5 ಲಕ್ಷ ಚದರ ಕಿಲೋಮೀಟರು. ಮುಂಬಯಿಯ ಗುಡ್ಡಗಳು ಆ ಲಾವಾದ ಯುಗದ ಕೊನೆಗಾಲದವು. ನಮ್ಮ ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಅಗ್ನಿಶಿಲೆಯವೇ. ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷದವು. ಕುದಿಯುವ ಲಾವಾದಲ್ಲಿ ಮೀನಾಗಲಿ ಹಲ್ಲಾಗಲಿ ಉಳಿಯುವ ಬಗೆಯಿಲ್ಲ.

ಇನ್ನೊಂದು ಕಾರಣವೂ ಉಂಟು. ಹುಡುಗನು ತಂದುದು ಮೆಗಲೊಡಾನ್ ಎಂಬ ಅಳಿದುಹೋದ ಮಹಾ ತಾಟೆಯ ಹಲ್ಲಿನ ನಕಲು. ಈ ಮೀನಿನ ಉದ್ದ 50 ಅಡಿಯನ್ನು ಮೀರಿತ್ತೆಂದು ಪಂಡಿತರು ಲೆಕ್ಕ ಹಾಕಿರುವರು. ಅದರ ದೊಡ್ಡ ಹಲ್ಲುಗಳು ಆರೇಳು ಅಂಗುಲದವು. ಅದು ಸಮುದ್ರದಲ್ಲಿ ಕಾಣಿಸಿಕೊಂಡದ್ದು ಸುಮಾರು 2 ಕೋಟಿ ವರ್ಷಗಳ ಹಿಂದೆ. ಅಳಿದದ್ದು ಸುಮಾರು 36 ಲಕ್ಷ ವರ್ಷಗಳ ಹಿಂದೆ. ಗಿಲ್ಬರ್ಟ್ ಗುಡ್ಡದ ಕಲ್ಲು ಆರಿ ಗಟ್ಟಿಯಾದ 4 ಕೋಟಿಗೂ ಹೆಚ್ಚು ವರ್ಷಗಳ ಅನಂತರ ಹುಟ್ಟಿದ ಮೀನಿನ ಹಲ್ಲು ಆ ಕಲ್ಲಿನೊಳಗಿತ್ತೆಂದರೆ, ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗನು ಕೈಕಟ್ಟಿ ನಿಂತಿದ್ದನೆಂದಂತಾಯಿತು.

ಎಲುಬಿಲ್ಲದ ಪ್ರಾಣಿಯ ಗುರುತು

ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ಮೋರಿ, ಮುಶಿ ಎಂದೂ ನಮ್ಮ ಕರಾವಳಿಯಲ್ಲಿ ತಾಟೆಯೆಂದೂ ಕರೆಯಲ್ಪಡುವ ಶಾರ್ಕ್ ಮೀನನ್ನು ಕೊಯ್ದು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅಂಜಲಿಗೆ, ಬಂಗುಡೆಗೆ ಇರುವಂತಹ ಗಟ್ಟಿ ಮುಳ್ಳು ಅದಕ್ಕಿಲ್ಲ. ಅದರ ಮೈಯ ಹಂದರವೆಲ್ಲ ನಮ್ಮ ಕಿವಿಯಲ್ಲಿರುವಂತಹ ಮೃದ್ವಸ್ಥಿ. ಸತ್ತ ಮೇಲೆ ಅದು ಕೊಳೆತು ಕರಗಿಹೋಗುತ್ತದೆ. ಶಾರ್ಕಿನ ವಂಶ 40 ಕೋಟಿ ವರ್ಷಗಳಿಗೂ ಹಳೆಯದು. ಭೂಮಿಯ ಮೇಲೆ ಕಾಡುಗಳು ಹುಟ್ಟುವುದಕ್ಕೂ ಹಿಂದಿನದು. ಆದರೂ ಇಷ್ಟು ಹಳೆಯ ಮನೆತನದ ಇಡೀ ಅಸ್ಥಿಪಂಜರ ಕಲ್ಲಿನಲ್ಲಿ ಸಿಕ್ಕುವುದು ಬಹು ವಿರಳ.

ಸಿಕ್ಕುವುದು ಹಲ್ಲು. ನಮಗೆ ಹಲ್ಲು ಬೀಳುವುದು ಬಾಲ್ಯದಲ್ಲೊಮ್ಮೆ, ಮುಪ್ಪಿನಲ್ಲೊಮ್ಮೆ. ಶಾರ್ಕಿನ ದವಡೆಯಲ್ಲಿ ಹಲ್ಲುಗಳು ಸಾಲುಸಾಲಾಗಿರುತ್ತವೆ. ಮುಂದಿನದು ಬಿದ್ದೊಡನೆ ಹಿಂದಿನ ಸಾಲಿನದು ಮುಂದಕ್ಕೆ ಬರುತ್ತದೆ. ಒಂದೇ ಮೀನು ತನ್ನ ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುತ್ತದೆ. ಆ ಹಲ್ಲಿನ ಹೊರಪದರದಲ್ಲಿ, ನಮ್ಮ ಟೂತ್‌ಪೇಸ್ಟಿನ ಪೆಟ್ಟಿಗೆಯ ಮೇಲೆ ಹೆಸರು ಕಾಣುವ ಫ್ಲೋರೈಡಿನ ಅಂಶ ಸ್ವಾಭಾವಿಕವಾಗಿಯೇ ಸೇರಿರುವುದರಿಂದ, ಅದು ಬೇಗ ಕೊಳೆಯದು, ಸವೆಯದು. ಸಮುದ್ರದ ತಳದ ಕೆಸರಿನಲ್ಲಿ ಹೂತುಹೋದ ಹಲ್ಲಿಗೆ ಸುತ್ತಲಿನ ಖನಿಜಗಳು ಮೆಲ್ಲಗೆ ಒಳಸೇರಿ ಕಪ್ಪು, ಕಂದು, ಬೂದು ಬಣ್ಣಗಳನ್ನು ಕೊಡುತ್ತವೆ. ಮೀನು ಬೇಡವೆಂದು ಬಿಟ್ಟುಹೋದ ವಸ್ತುವೇ ಅದರ ಚರಿತ್ರೆಗೆ ಉಳಿದ ಸಾಕ್ಷಿಯಾಯಿತು.

ಯುರೋಪಿನ ಜನರು ಬಹುಕಾಲ ಈ ಕಲ್ಲುಗಳನ್ನು ಹಾವಿನ ನಾಲಗೆ ಕಲ್ಲಾದುದೆಂದು ನಂಬಿ, ವಿಷಕ್ಕೆ ಮದ್ದೆಂದು ತಾಯಿತದಂತೆ ಧರಿಸುತ್ತಿದ್ದರು. ಮಾಲ್ಟಾ ದ್ವೀಪದ ‘ನಾಲಗೆ ಕಲ್ಲು’ಗಳು ವಿಶೇಷ ಪ್ರಸಿದ್ಧವಾಗಿದ್ದವು. 1616ರಲ್ಲಿ ಇಟಲಿಯ ಫಾಬಿಯೊ ಕೊಲೊನ್ನಾ ಇವು ಶಾರ್ಕಿನ ಹಲ್ಲುಗಳೇ ಎಂದು ಬರೆದನು, ಹೆಚ್ಚಿನವರು ಕಿವಿಗೊಡಲಿಲ್ಲ. 1666ರಲ್ಲಿ ಲಿವೋರ್ನೊ ಬಂದರಿನ ಬಳಿ ಬೆಸ್ತರ ಕೈಗೆ ದೊಡ್ಡ ಶಾರ್ಕೊಂದು ಸಿಕ್ಕಿತು. ಅದರ ತಲೆಯನ್ನು ಫ್ಲಾರೆನ್ಸಿನ ದೊರೆಯು ನಿಕೋಲಾಸ್ ಸ್ಟೆನೊ ಎಂಬ ವೈದ್ಯನಿಗೆ ಕಳುಹಿಸಿಕೊಟ್ಟನು. ಸ್ಟೆನೊ ಅದನ್ನು ಕೊಯ್ದು, ಹಲ್ಲುಗಳನ್ನು ನಾಲಗೆ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಿದನು. ಮರುವರ್ಷ ಅವನು ಪ್ರಕಟಿಸಿದ ಬರಹದಿಂದ ಎದ್ದ ಪ್ರಶ್ನೆ ದೊಡ್ಡದು: ಸಮುದ್ರದ ಮೀನಿನ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೇಗೆ ಬಂತು? ಆ ಕಲ್ಲು ಒಮ್ಮೆ ಸಮುದ್ರದ ಕೆಸರಾಗಿದ್ದಿರಬೇಕು. ಕೆಳಗಿನ ಪದರ ಮೊದಲು ಕೂಡಿದ್ದು, ಮೇಲಿನದು ಅನಂತರದ್ದು ಎಂಬ ಭೂಗರ್ಭಶಾಸ್ತ್ರದ ಮೊದಲ ಪಾಠವನ್ನೂ ಅವನೇ ಬರೆದನು. ಒಂದು ಮೀನಿನ ತಲೆಯಿಂದ ಭೂಮಿಯ ಚರಿತ್ರೆಯ ಬಾಗಿಲು ತೆರೆಯಿತು.

ನಮ್ಮವರಿಗೆ ಕಲ್ಲಾದ ಜೀವಿಗಳು ಅಪರಿಚಿತವೇನಲ್ಲ. ಮನೆಮನೆಯ ದೇವರ ಪೀಠದಲ್ಲಿ ಪೂಜೆಗೊಳ್ಳುವ, ಗಂಡಕೀ ನದಿಯ ಸಾಲಿಗ್ರಾಮದೊಳಗಿನ ಚಕ್ರವನ್ನು ವಿಜ್ಞಾನಿಗಳು ಅಮ್ಮೊನೈಟ್ ಎಂಬ ಪ್ರಾಚೀನ ಸಮುದ್ರಜೀವಿಯ ಚಿಪ್ಪಿನ ಗುರುತೆನ್ನುವರು. ಹಿಮಾಲಯದ ತಪ್ಪಲಿನಲ್ಲಿ ಕಡಲಿನ ಜೀವಿ! ಭಕ್ತನಿಗೆ ಅದು ದೇವರು, ಶಾಸ್ತ್ರಜ್ಞನಿಗೆ ಸಾಕ್ಷಿ. ಜೋಪಾನವಾಗಿ ಇರಿಸಿಕೊಳ್ಳುವುದರಲ್ಲಿ ಇಬ್ಬರಿಗೂ ಭೇದವಿಲ್ಲ.

ನಮ್ಮ ದೇಶದ ಹಲ್ಲುಗಳು

ಹಾಗಾದರೆ ಭಾರತದಲ್ಲಿ ಈ ಹಲ್ಲುಗಳು ಎಲ್ಲಿಯೂ ಇಲ್ಲವೇ? ಧಾರಾಳವಾಗಿವೆ. ಹಿಂದೆ ಕಡಲು ಇದ್ದು ಹಿಂದೆ ಸರಿದ ನೆಲದಲ್ಲಿ ಇವೆ. 1840ರ ದಶಕದಲ್ಲಿ ಪುದುಚೇರಿಯ ಸುತ್ತಿನ ಪದರಗಳಲ್ಲಿ ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಕೂಡಿಟ್ಟ ಮೀನುಗಳ ಅವಶೇಷಗಳನ್ನು ಇಂಗ್ಲೆಂಡಿನಲ್ಲಿ ಫಿಲಿಪ್ ಎಗರ್ಟನ್ 1845ರಲ್ಲಿ ವಿವರಿಸಿದನು. ತಮಿಳುನಾಡಿನ ಅರಿಯಲೂರಿನ ಕಡೆ, ಚಿಪ್ಪುಗಳನ್ನು ಅರೆದು ತಿನ್ನುತ್ತಿದ್ದ ಟೈಕೋಡಸ್ ಎಂಬ ಶಾರ್ಕಿನ ಚಪ್ಪಟೆ ಹಲ್ಲುಗಳು ಸಿಕ್ಕಿವೆ. ಅವು ನಮ್ಮ ಹೋಟೆಲಿನ ರುಬ್ಬುವ ಕಲ್ಲಿನಂತೆಯೇ ಕೆಲಸ ಮಾಡುತ್ತಿದ್ದವು. ಒಡಿಶಾದ ಬಾರಿಪದಾ ಬಳಿಯ ಪದರಗಳಲ್ಲಿಯೂ, ಗುಜರಾತಿನ ಕಛ್ಛದಲ್ಲಿಯೂ ಶಾರ್ಕಿನ ಹಲ್ಲುಗಳು ದೊರೆತಿವೆ. ಮುಂಬಯಿಯಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿಯ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, 5 ಕೋಟಿ ವರ್ಷಗಳಿಗೂ ಹಿಂದಿನ ಶಾರ್ಕ್ ಮತ್ತು ತೊರಕೆಗಳ ಹಲ್ಲುಗಳನ್ನು ಸಂಶೋಧಕರು ಕಂಡಿರುವರು.

2021ರಲ್ಲಿ ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಯಿಂದ ಬಂದ ಸುದ್ದಿ ಇನ್ನೂ ಸ್ವಾರಸ್ಯಕರವಾದುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಜೈಪುರದ ಅಧಿಕಾರಿ ಕೃಷ್ಣಕುಮಾರ್ ಮತ್ತು ಅವರ ಸಂಗಡಿಗರು, ರೂರ್ಕಿಯ ಸುನಿಲ್ ಬಾಜಪೇಯಿಯವರ ಸಹಕಾರದಿಂದ, 16ರಿಂದ 16.8 ಕೋಟಿ ವರ್ಷಗಳ ಹಿಂದಿನ ಹೈಬೊಡಾಂಟ್ ಎಂಬ ಗುಂಪಿನ ಶಾರ್ಕಿನ ಹೊಸ ಜಾತಿಯೊಂದನ್ನು ಅದರ ಹಲ್ಲುಗಳಿಂದಲೇ ಗುರುತಿಸಿ, ‘ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್’ ಎಂದು ನಾಮಕರಣ ಮಾಡಿದರು. ಇಂದು ಒಂಟೆ ನಡೆಯುವ ಮರಳಿನಲ್ಲಿ ಅಂದು ತಾಟೆ ಈಜುತ್ತಿತ್ತು. ಊರಿನ ಹೆಸರೇ ಮೀನಿನ ಹೆಸರಾಯಿತೆಂಬುದನ್ನು ವಾಚಕರು ಗಮನಿಸಬೇಕು. ಸಿಕ್ಕಿದ ಸ್ಥಳ ನಿಶ್ಚಯವಾಗಿ ಗೊತ್ತಿದ್ದುದರಿಂದಲೇ ಆ ಹೆಸರು ಸಾಧ್ಯವಾಯಿತು.

ವರ್ಲಿಯ ಕಪ್ಪೆಗಳು

ನಮ್ಮ ಮುಂಬಯಿಯ ಕಲ್ಲಿನಲ್ಲಿ ಶಾರ್ಕಿಲ್ಲದಿದ್ದರೇನು, ಕಪ್ಪೆಗಳಿವೆ! ಒಂದು ಲಾವಾ ಹರಿದು ತಣಿದ ಮೇಲೆ ಮತ್ತೊಂದು ಹರಿಯುವ ನಡುವೆ ಸಾವಿರಾರು ವರ್ಷಗಳ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳು ತುಂಬಿದವು, ಗಿಡಗಳು ಬೆಳೆದವು, ಕಪ್ಪೆ ಆಮೆಗಳು ಬಾಳಿದವು. ಅನಂತರದ ಲಾವಾ ಆ ಕೆಸರನ್ನು ಮುಚ್ಚಿ ಕಾಪಾಡಿತು. ವರ್ಲಿಯ ಗುಡ್ಡದ ಆ ತೆಳುವಾದ ಪದರದಲ್ಲಿ ಸಣ್ಣ ಕಪ್ಪೆಗಳ ಎಲುಬುಗಳು ಗುಂಪುಗುಂಪಾಗಿ ಸಿಕ್ಕಿದವು. ಮುಂಬಯಿಯ ಮೊದಲ ರೈಲುದಾರಿಯ ಕಾಲದಲ್ಲಿ ಇಲ್ಲಿದ್ದ ಇಂಜಿನಿಯರ್ ಜಿ. ಟಿ. ಕ್ಲಾರ್ಕರು ಇಲ್ಲಿನ ಕಲ್ಲುಗಳ ವಿವರವನ್ನು ಲಂಡನ್ನಿಗೆ ಬರೆದು ಕಳುಹಿಸಿದರು. ಆ ಬರಹಕ್ಕೆ ಅನುಬಂಧವಾಗಿ ರಿಚರ್ಡ್ ಓವೆನ್ 1847ರಲ್ಲಿ ಈ ಕಪ್ಪೆಯನ್ನು ವರ್ಣಿಸಿದರು. 1930ರಲ್ಲಿ ಅದಕ್ಕೆ ‘ಇಂಡೋಬ್ಯಾಟ್ರಾಕಸ್’, ಅಂದರೆ ಭಾರತದ ಕಪ್ಪೆ, ಎಂಬ ಹೆಸರು ಬಂದಿತು. 1852ರಲ್ಲಿ ಎಚ್. ಜೆ. ಕಾರ್ಟರ್ ಎಂಬ ವೈದ್ಯರು ಮುಂಬಯಿ ದ್ವೀಪದ ಭೂಗರ್ಭವನ್ನು ಕುರಿತು ಬರೆಯುತ್ತ, ಇದೇ ಪದರದ ಆಮೆಯೊಂದಕ್ಕೆ ಡಾಕ್ಟರ್ ಲೀತರ ಹೆಸರಿಟ್ಟರು.

ಇವರಲ್ಲಿ ಒಬ್ಬನು ರೈಲು ಹಾಕಲು ಬಂದವನು, ಉಳಿದಿಬ್ಬರು ರೋಗಿಗಳನ್ನು ನೋಡಲು ಬಂದವರು. ಕಲ್ಲು ಕೂಡಿಸುವುದು ಇವರ ಹೊಟ್ಟೆಪಾಡಾಗಿರಲಿಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಬಡಗಿಯ ಮಗಳಾದ ಮೇರಿ ಆನಿಂಗ್‌ಳಿಗೆ ಅದೇ ಹೊಟ್ಟೆಪಾಡು. ಕಡಲ ದಂಡೆಯ ಬಂಡೆಗಳಿಂದ ಅವಶೇಷಗಳನ್ನು ಬಿಡಿಸಿ ಮಾರಿ ಬದುಕಿದ ಆಕೆ, 1829ರಲ್ಲಿ ಶಾರ್ಕಿಗೂ ತೊರಕೆಗೂ ನಡುವಿನಂತೆ ಕಾಣುವ ವಿಚಿತ್ರ ಮೀನೊಂದನ್ನು ಕಂಡುಹಿಡಿದಳು. ದೊಡ್ಡ ಶಾಲೆಯ ಓದು ಆಕೆಗಿರಲಿಲ್ಲ. ಆದುದರಿಂದ ಈ ಹವ್ಯಾಸ ಪದವೀಧರರಿಗೆ ಮಾತ್ರ ಮೀಸಲೆಂದು ನಮ್ಮ ಸಪ್ಲಾಯರರೂ ಗುಮಾಸ್ತರೂ ಭಾವಿಸಬೇಕಾಗಿಲ್ಲ.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯಲಾಗದು. ಹದಿನೈದು ವರ್ಷಗಳ ಹಿಂದೆ ನಾವು ಹೋಟೆಲು ನಡೆಸುತ್ತಿದ್ದಾಗ, ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಗುಮಾಸ್ತರಾಗಿದ್ದ ಗಿರಾಕಿಯೊಬ್ಬರು, ವರ್ಲಿಯಲ್ಲಿ ಪಾಯ ತೋಡುವಾಗ ಸಿಕ್ಕಿದ ಬೂದುಬಣ್ಣದ ಕಲ್ಲಿನ ಹಲಗೆಯೊಂದನ್ನು ನಮಗೆ ಕೊಟ್ಟರು. ಅದರ ಮೇಲೆ ಅಕ್ಕಿಕಾಳಿನಂತಹ ಸಣ್ಣ ಎಲುಬುಗಳ ಗುರುತುಗಳಿದ್ದವು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಸ್ಥಳ, ತಾರೀಖು, ಎಷ್ಟು ಅಡಿ ಆಳ ಎಂಬುದನ್ನು ಅವರು ಪೆನ್ಸಿಲಿನಲ್ಲಿ ಬರೆದಿದ್ದರು. “ಚೀಟಿ ಕೀಳಬೇಡಿ,” ಎಂದು ಹೇಳಿಯೂ ಇದ್ದರು. ನಾವು ಅದನ್ನು ಗಲ್ಲಾದ ಮೇಲೆ ಬಿಲ್ಲುಗಳ ಮೇಲಿನ ಭಾರಕ್ಕೆ ಇಟ್ಟುಕೊಂಡೆವು. ಎಣ್ಣೆಗೈಗಳು ತಗಲಿ ಚೀಟಿ ಹೊಲಸಾಯಿತೆಂದು ಒಂದು ದಿನ ನಾವೇ ಬಿಸಿನೀರಿನಲ್ಲಿ ತೊಳೆದು ಕಿತ್ತುಹಾಕಿದೆವು. ಒಂದು ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗ ಕಲ್ಲೂ ಕಸದ ಬುಟ್ಟಿ ಸೇರಿತು.

ಅಧ್ಯಾಪಕರ ಮನೆಯಲ್ಲಿ ಈ ಮಾತು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ವರ್ಲಿಯ ಗುಡ್ಡದ ಮೇಲೆ ಇಂದು ಕಟ್ಟಡಗಳು ತುಂಬಿವೆ. ಆ ಪದರ ಕಣ್ಣಿಗೆ ಬೀಳುವುದು ಯಾರಾದರೂ ಪಾಯ ತೋಡಿದಾಗ ಮಾತ್ರ. “ಕಲ್ಲು ಹೋದದ್ದಕ್ಕಿಂತ ಚೀಟಿ ಹೋದದ್ದೇ ದೊಡ್ಡ ನಷ್ಟ,” ಎಂದರು ಅವರು ಕೊನೆಗೆ. “ಚೀಟಿಯೊಂದು ಉಳಿದಿದ್ದರೆ, ಆ ಆಳದಲ್ಲಿ ಆ ಪದರವಿದೆಯೆಂದಾದರೂ ತಿಳಿಯುತ್ತಿತ್ತು.”

ಹುಡುಗನು ಸುಳ್ಳನ್ನು ಹಣ ಕೊಟ್ಟು ತಂದನು. ನಾವು ನಿಜವನ್ನು ಪುಕ್ಕಟೆಯಾಗಿ ಪಡೆದು ಚೆಲ್ಲಿದೆವು. ಯಾರ ಮೂರ್ಖತನ ಹೆಚ್ಚಿನದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಸಂಗ್ರಹಿಸುವ ಬಗೆ

ಆಸಕ್ತರಾದ ತರುಣರಿಗಾಗಿ, ಅಧ್ಯಾಪಕರು ಹೇಳಿದ ನಾಲ್ಕು ಮಾತುಗಳನ್ನು ಇಲ್ಲಿ ಕೊಡುತ್ತೇವೆ.

ಪಳೆಯುಳಿಕೆಯ ಬೆಲೆ ಅದರ ಗಾತ್ರದಲ್ಲಿಲ್ಲ. ಕಲ್ಲಾದ ಶಾರ್ಕ್ ಹಲ್ಲುಗಳಲ್ಲಿ ಬಹುಪಾಲು ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದವು. ಸಂಶೋಧಕರು ಗಣಿಯ ಮಣ್ಣನ್ನು ಮೂಟೆಗಟ್ಟಲೆ ತಂದು, ನೀರಿನಲ್ಲಿ ಕರಗಿಸಿ, ನಾವು ರವೆ ಜರಡಿ ಹಿಡಿದಂತೆ ಸಣ್ಣ ಜರಡಿಗಳಲ್ಲಿ ಸೋಸಿ, ಉಳಿದುದನ್ನು ಭೂತಕನ್ನಡಿಯ ಕೆಳಗೆ ಹೆಕ್ಕುವರು. ಅಂಗೈಯಗಲದ ಹಲ್ಲನ್ನೇ ಆಶಿಸುವವನು ಕಾಲುದಾರಿಯ ವ್ಯಾಪಾರಿಗೆ ಸುಲಭದ ಗಿರಾಕಿ.

ಮಳೆಗೆ, ಅಲೆಗೆ ತಾನಾಗಿ ಬಿಡಿಸಿಕೊಂಡು ನೆಲದ ಮೇಲೆ ಬಿದ್ದುದನ್ನು ಮೊದಲು ನೋಡಬೇಕು. ಬಂಡೆಯಲ್ಲಿ ಇನ್ನೂ ಸಿಕ್ಕಿಕೊಂಡಿರುವುದನ್ನು ಒಡೆಯದೆ, ಫೋಟೋ ತೆಗೆದು, ಬಲ್ಲವರಿಗೆ ತಿಳಿಸಬೇಕು. ಗಣಿಗೆ, ಖಾಸಗಿ ನೆಲಕ್ಕೆ ಅಪ್ಪಣೆಯಿಲ್ಲದೆ ಕಾಲಿಡಬಾರದು. ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ರಕ್ಷಿಸುವ ಮಸೂದೆಯ ಕರಡೊಂದನ್ನು ಕೇಂದ್ರ ಗಣಿ ಮಂತ್ರಾಲಯವು 2022ರ ಡಿಸೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಕಾನೂನಿನ ಮಾತು ಹಾಗಿರಲಿ, ಕಿತ್ತ ಕಲ್ಲನ್ನು ಮರಳಿ ಅದರ ಸ್ಥಳದಲ್ಲಿ ಕೂರಿಸಲು ಯಾವ ಕಾನೂನಿಗೂ ಶಕ್ಯವಿಲ್ಲ. ಈಗ ಬದುಕಿರುವ ಶಾರ್ಕುಗಳ ಹಲ್ಲನ್ನು ಸರಕ್ಕೆ ಪೋಣಿಸಿ ಮಾರುವವರಿಂದಲೂ ದೂರವಿರಬೇಕು. ತಿಮಿಂಗಿಲ ಶಾರ್ಕ್ ಮೊದಲಾದ ಕೆಲವು ಜಾತಿಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. 40 ಕೋಟಿ ವರ್ಷ ಬಾಳಿದ ವಂಶವು ನಮ್ಮ ಕಾಲದಲ್ಲಿ ಹಲ್ಲಾಗಿ ಮಾತ್ರ ಉಳಿಯಿತೆಂಬ ಅಪಕೀರ್ತಿ ನಮಗೆ ಬೇಡ.

ಕೊನೆಯದಾಗಿ, ಚೀಟಿ. ಎಲ್ಲಿ, ಯಾವ ತಾರೀಖು, ಯಾವ ಪದರ, ಎಷ್ಟು ಆಳ, ಯಾರು ಕಂಡರು: ಇಷ್ಟನ್ನು ಆ ಸ್ಥಳದಲ್ಲಿಯೇ ಬರೆದು ವಸ್ತುವಿನೊಡನೆ ಇಡಬೇಕು. ಟೇಬಲಿನ ನಂಬರು ಹೇಳದೆ “ಎರಡು ಮಸಾಲೆ!” ಎಂದು ಕೂಗಿದರೆ ಭಟ್ಟರು ದೋಸೆ ಹೊಯ್ದಾರು, ಆದರೆ ಅದು ಯಾರ ಬಾಯಿಗೂ ಸೇರದೆ ಕಟ್ಟೆಯ ಮೇಲೆ ಆರಿಹೋಗುವುದು. ಕಚೇರಿಯ ಮಿತ್ರರಿಗೆ, ಇನ್‌ವರ್ಡ್ ನಂಬರಿಲ್ಲದ ಕಾಗದದ ಗತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಚೀಟಿಯಿಲ್ಲದ ಪಳೆಯುಳಿಕೆಯೂ ಹಾಗೆಯೇ. ನೋಡಲು ಚೆನ್ನ, ಸಾಕ್ಷಿ ಹೇಳಲು ಮೂಕ.

ಇನ್ನು ನಮ್ಮ ಹುಡುಗನ ಮಾತು. ತಂಗಿಯ ಶುಲ್ಕಕ್ಕೆ ನಾವು ಕೊಡಹೋದ ಹಣವನ್ನು ಅವನು ಸಾಲವೆಂದು ಮಾತ್ರ ಒಪ್ಪಿ, ಹೆಚ್ಚುವರಿ ಪಾಳಿ ದುಡಿದು ಎರಡೇ ತಿಂಗಳಲ್ಲಿ ತೀರಿಸಿದನು. ಮಾರಿದವನನ್ನು ಹುಡುಕಿಕೊಂಡು ಹೋದಾಗ ಆ ಜಾಗದಲ್ಲಿ ಕೊಡೆ ರಿಪೇರಿಯವನು ಕುಳಿತಿದ್ದನಂತೆ. ಕಡೆಯ ಕಂತು ಕೊಡಲು ಬಂದ ದಿನ ಅವನು ಆ ಕರಿಯ ಹಲ್ಲನ್ನು ಮತ್ತೆ ನಮ್ಮ ಮೇಜಿನ ಮೇಲಿಟ್ಟನು.

“ಇದು ನಿಮ್ಮಲ್ಲಿಯೇ ಇರಲಿ, ಧಣಿಗಳೇ. ಕಾಗದದ ಮೇಲೆ ಭಾರಕ್ಕಾಗುತ್ತದೆ.”

ಕೈಗೆತ್ತಿಕೊಂಡು ನೋಡಿದೆವು. ಬೇರಿನ ಭಾಗಕ್ಕೆ ಬಿಳಿಯ ಚೀಟಿಯೊಂದನ್ನು ನೀಟಾಗಿ ಅಂಟಿಸಿದ್ದನು. ರಾತ್ರಿಶಾಲೆಯ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿತ್ತು: “ನಕಲಿ ಹಲ್ಲು. ರಾಳದ್ದು. ಸಿಕ್ಕಿದ ಸ್ಥಳ: ಫೋರ್ಟ್, ಕಾಲುದಾರಿ. ಬೆಲೆ: ರೂ. 3,000.” ಕೆಳಗೆ ಕೊಂಡ ತಾರೀಖು, ಅವನ ಹೆಸರು.

ಈ ಚೀಟಿಯನ್ನು ನಾವು ಕೀಳುವುದಿಲ್ಲ.